ಹಳೆಯ ಕಾರಿನ ದೀಪಗಳು ಕೈಕೊಟ್ಟಾಗ: ವೈರಿಂಗ್ ದೋಷವನ್ನು ಕ್ರಮವಾಗಿ ಹುಡುಕುವ ಬಗೆ

ಮುಂಗಾರು ಹಿಡಿದ ಮೇಲೆ ಮಲೆನಾಡಿನ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕಾರು ಹಳೆಯದು, ಎಂಜಿನ್ ಚೆನ್ನಾಗಿದೆ, ಆದರೆ ಹೆಡ್‌ಲೈಟ್ ಮಂಕಾಗಿದೆ. ಹೊಸ ಬಲ್ಬ್ ಹಾಕಿಸಿದರೂ ಬೆಳಕು ಹೆಚ್ಚಲಿಲ್ಲ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಅದರ ಜೊತೆಗೆ ಮಿನುಗುತ್ತದೆ. ಫ್ಯೂಸ್ ಬದಲಿಸಿದ ಮರುದಿನವೇ ಮತ್ತೆ ಸುಟ್ಟುಹೋಗುತ್ತದೆ. ಇವಕ್ಕೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ದೋಷ ಎಲ್ಲಿದೆ ಎಂದು ನೀವೇ ಹುಡುಕಿಕೊಳ್ಳುವ ಕ್ರಮವನ್ನು ಒಮ್ಮೆ ಪೂರ್ತಿಯಾಗಿ ಬರೆಯುವುದು ಮೇಲು ಎನಿಸಿತು.

ಮಾರುತಿ 800, ಓಮ್ನಿ, ಜಿಪ್ಸಿ, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಹಳೆಯ ಮಹೀಂದ್ರ ಜೀಪು ಮುಂತಾದವುಗಳಿಗೆ, ಅಂದರೆ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸದ, 12 ವೋಲ್ಟಿನ ಬ್ಯಾಟರಿಯ ಮೈನಸ್ ತುದಿ ಬಾಡಿಗೆ ಸೇರಿರುವ ವಾಹನಗಳಿಗೆ ಇಲ್ಲಿ ಹೇಳಿರುವುದು ಅನ್ವಯಿಸುತ್ತದೆ.

ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ವಿದ್ಯುತ್ತು ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟು ಫ್ಯೂಸ್, ಸ್ವಿಚ್ ಮತ್ತು ಬಲ್ಬನ್ನು ದಾಟಿ, ಕಾರಿನ ಲೋಹದ ಮೈಯ ಮೂಲಕವೇ ಮೈನಸ್ ತುದಿಗೆ ಮರಳುತ್ತದೆ. ಈ ಮರಳುವ ದಾರಿಯನ್ನು ಗ್ಯಾರೇಜಿನವರು ಅರ್ತ್ ಎನ್ನುತ್ತಾರೆ. ದೀಪ ಉರಿಯದಿದ್ದಾಗ ಹೆಚ್ಚಿನವರು ಕರೆಂಟ್ ಬರುವ ದಾರಿಯನ್ನಷ್ಟೇ ತಡಕುತ್ತಾರೆ. ವರ್ಷದ ನಾಲ್ಕು ತಿಂಗಳು ತೇವದಲ್ಲೇ ನಿಲ್ಲುವ ನಮ್ಮ ಕಡೆಯ ಕಾರುಗಳಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಮರಳುವ ದಾರಿ. ಸರಾಸರಿ ಮಳೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಆಸುಪಾಸಿನಲ್ಲಿ ಓಡಾಡುವ ಕಾರಿನ ಬೋಲ್ಟು ಒಣಗಿರಲಿ ಎಂದು ಬಯಸುವುದೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಅರ್ತ್‌ಗೆ ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೇಕಾಗುವ ಸಾಮಗ್ರಿ

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಅಗತ್ಯವಾಗಿ ಬೇಕು. ಅದರ ಜೊತೆಗೆ ಒಂದು ಟೆಸ್ಟ್ ಲ್ಯಾಂಪ್ ಇರಲಿ. ಇದು ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ 21 ವ್ಯಾಟಿನ ಹಳೆಯ ಇಂಡಿಕೇಟರ್ ಬಲ್ಬಿನ ಹೋಲ್ಡರಿಗೆ ಎರಡು ಉದ್ದನೆಯ ವೈರು ಮತ್ತು ಕ್ಲಿಪ್ ಸೇರಿಸಿ ನೀವೇ ಮಾಡಿಕೊಳ್ಳಬಹುದು. ಸುಮಾರು ನಾಲ್ಕು ಮೀಟರ್ ಉದ್ದದ, ಎರಡೂ ತುದಿಗೆ ಕ್ಲಿಪ್ ಇರುವ ಒಂದು ವೈರು, 10 ಮಿ.ಮೀ. ಮತ್ತು 12 ಮಿ.ಮೀ. ಸ್ಪ್ಯಾನರ್, ಸ್ಕ್ರೂಡ್ರೈವರ್, ಉಪ್ಪುಕಾಗದ, ತಂತಿ ಬ್ರಶ್, ವ್ಯಾಸಲೀನ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮತ್ತು ಕಾರಿಗೆ ಹೊಂದುವ ಬಿಡಿ ಫ್ಯೂಸ್‌ಗಳು ಇದ್ದರೆ ಸಾಕು. ಒಂದು ಚೀಟಿ ಮತ್ತು ಪೆನ್ನು ಸಹ ಹತ್ತಿರ ಇಟ್ಟುಕೊಳ್ಳಿ. ಅಳೆದದ್ದನ್ನು ಬರೆದುಕೊಳ್ಳದಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲವೂ ಕಲಸಿಹೋಗುತ್ತದೆ.

ಕೈ ಹಾಕುವ ಮುನ್ನ

ಕೈಯ ಉಂಗುರ, ಲೋಹದ ವಾಚು, ಕಡಗ ತೆಗೆದಿಡಿ. 12 ವೋಲ್ಟ್ ಮೈಗೆ ಹೊಡೆಯುವುದಿಲ್ಲ ನಿಜ. ಆದರೆ ಬ್ಯಾಟರಿಯ ಪ್ಲಸ್ ತುದಿ ಮತ್ತು ಬಾಡಿಯ ನಡುವೆ ಉಂಗುರ ಸಿಕ್ಕಿಬಿದ್ದರೆ ಅದು ಕ್ಷಣದಲ್ಲಿ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ವೈರು ಬಿಚ್ಚುವ, ಕತ್ತರಿಸುವ ಅಥವಾ ಜೋಡಿಸುವ ಕೆಲಸವಿದ್ದಾಗ ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಬಿಚ್ಚಿ, ಕೆಲಸ ಮುಗಿದ ಮೇಲೆ ಅದನ್ನೇ ಕೊನೆಯಲ್ಲಿ ಹಾಕಿ. ಪೆಟ್ರೋಲ್ ಅಥವಾ ಗ್ಯಾಸಿನ ವಾಸನೆ ಇದ್ದರೆ, ಅದರಲ್ಲೂ ಎಲ್‌ಪಿಜಿ ಕಿಟ್ ಇರುವ ಓಮ್ನಿಗಳಲ್ಲಿ, ಸೋರಿಕೆಯನ್ನು ಸರಿಪಡಿಸುವವರೆಗೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಕಾರ್ಬ್ಯುರೇಟರ್ ಬದಲು ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ, ಇರುವ ಕಾರುಗಳಲ್ಲಿ ಎಂಜಿನ್‌ಗೆ ಸಂಬಂಧಿಸಿದ ಸೆನ್ಸರ್ ವೈರುಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚುವುದು ಸಲ್ಲದು. ಬಲ್ಬು ಎಳೆಯುವ ಕರೆಂಟಿನಿಂದ ಕಂಪ್ಯೂಟರ್ ಹಾಳಾಗಬಹುದು. ದೀಪದ ವೈರುಗಳಿಗಷ್ಟೇ ಅದನ್ನು ಬಳಸಿ.

1. ಲಕ್ಷಣವನ್ನು ಬರೆದುಕೊಳ್ಳಿ

ಸ್ಪ್ಯಾನರ್ ಹಿಡಿಯುವ ಮೊದಲು ಎಲ್ಲ ದೀಪಗಳನ್ನೂ ಒಂದೊಂದಾಗಿ ಹಾಕಿ, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿ ನೋಡಿಸಿ. ಯಾವುದು ಉರಿಯುತ್ತದೆ, ಯಾವುದು ಇಲ್ಲ, ಯಾವುದು ಮಂಕು, ಯಾವುದನ್ನು ಹಾಕಿದಾಗ ಯಾವುದು ಬದಲಾಗುತ್ತದೆ ಎಂಬುದನ್ನು ಬರೆಯಿರಿ. ಈ ಚೀಟಿಯೇ ಅರ್ಧ ಉತ್ತರ ಹೇಳುತ್ತದೆ. ಒಂದೇ ಒಂದು ದೀಪ ಆರಿದ್ದರೆ ಬಲ್ಬ್, ಅದರ ಹೋಲ್ಡರ್ ಅಥವಾ ಅದರ ಅರ್ತ್ ಕೆಟ್ಟಿರುತ್ತದೆ. ಎಡಬಲ ಎರಡೂ ಒಟ್ಟಿಗೆ ಆರಿದ್ದರೆ ಫ್ಯೂಸ್, ರಿಲೇ (6ನೇ ಹಂತದಲ್ಲಿ ವಿವರಿಸಿದೆ) ಅಥವಾ ಸ್ವಿಚ್ಚನ್ನು ನೋಡಬೇಕು. ಕಾರಿನ ಎಲ್ಲ ದೀಪಗಳೂ ಮಂಕಾಗಿದ್ದರೆ ಬ್ಯಾಟರಿ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಎಂಜಿನ್ ಹಾಗೂ ಬಾಡಿಯ ನಡುವಿನ ಅರ್ತ್ ಪಟ್ಟಿಯ ಕಡೆ ಹೋಗಬೇಕು. ಒಂದು ದೀಪ ಹಾಕಿದಾಗ ಸಂಬಂಧವೇ ಇಲ್ಲದ ಇನ್ನೊಂದು ದೀಪ ಮಿನುಗಿದರೆ ಅಥವಾ ಮಂಕಾದರೆ ಬೇರೆ ಯೋಚನೆಯೇ ಬೇಡ, ನೇರವಾಗಿ 5ನೇ ಹಂತಕ್ಕೆ ಹೋಗಿ.

2. ಬ್ಯಾಟರಿ ಮತ್ತು ಚಾರ್ಜಿಂಗ್

ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ರ ಹತ್ತಿರವಿದ್ದರೆ ಅರ್ಧ ಮಾತ್ರ ಉಳಿದಿದೆ ಎಂದರ್ಥ. ಬಳಿಕ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದರೆ 13.8ರಿಂದ 14.4 ವೋಲ್ಟ್ ಇರಬೇಕು. ಹೆಡ್‌ಲೈಟ್ ಹಾಕಿದಾಗ ಇದು 13ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಂತರೆ ಆಲ್ಟರ್ನೇಟರ್ ಬೆಲ್ಟ್ ಸಡಿಲವಾಗಿದೆಯೇ ಎಂದು ಮೊದಲು ನೋಡಿ. 15 ವೋಲ್ಟ್ ದಾಟುತ್ತಿದ್ದರೆ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುತ್ತದೆ. ತಿಂಗಳಿಗೊಮ್ಮೆ ಬಲ್ಬ್ ಸುಡುತ್ತಿದೆ, ಬ್ಯಾಟರಿಯ ನೀರು ಬೇಗ ಬತ್ತುತ್ತಿದೆ ಎಂದು ದೂರುವವರು ಬಲ್ಬಿನ ಕಂಪನಿಯನ್ನು ಬಯ್ಯುವ ಮೊದಲು ಈ ಅಳತೆಯನ್ನು ತೆಗೆದುಕೊಳ್ಳಬೇಕು.

ಬ್ಯಾಟರಿ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಟರ್ಮಿನಲ್‌ಗಳನ್ನು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು. ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ ಹೊಳಪು ಬರಿಸಿ, ಬಿಗಿಯಾಗಿ ಕೂರಿಸಿ, ಕೊನೆಗೆ ಮೇಲಿನಿಂದ ವ್ಯಾಸಲೀನ್ ಸವರಿ.

3. ಫ್ಯೂಸ್

ಫ್ಯೂಸ್ ಎಂದರೆ ಕರೆಂಟ್ ಮಿತಿ ಮೀರಿದಾಗ ತಾನು ಸುಟ್ಟು ವೈರನ್ನು ಉಳಿಸುವ ತುಣುಕು. ಮಾರುತಿಯಂಥ ಕಾರುಗಳಲ್ಲಿ ಇರುವ ಚಪ್ಪಟೆ ಫ್ಯೂಸುಗಳಲ್ಲಿ ಬಣ್ಣವೇ ಅಳತೆಯನ್ನು ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಇನ್ನೂ ಹಳೆಯ ಕಾರುಗಳಲ್ಲಿ ಗಾಜಿನ ನಳಿಗೆಯ ಅಥವಾ ಪಿಂಗಾಣಿಯ ಮೇಲೆ ಲೋಹದ ಪಟ್ಟಿ ಇರುವ ಫ್ಯೂಸುಗಳಿರುತ್ತವೆ. ಇಂಥವುಗಳಲ್ಲಿ ಫ್ಯೂಸ್ ಸುಡದೆ ಇದ್ದರೂ ಅದನ್ನು ಹಿಡಿದಿರುವ ಹಿತ್ತಾಳೆಯ ತುಟಿಗಳಿಗೆ ಕಿಲುಬು ಹಿಡಿದು ದೀಪ ಆರುವುದುಂಟು. ಫ್ಯೂಸನ್ನು ಬೆರಳಿನಿಂದ ತಿರುಗಿಸಿದಾಗ ದೀಪ ಹೊತ್ತಿಕೊಂಡರೆ ದೋಷ ಅಲ್ಲಿಯೇ ಇದೆ.

ಕಣ್ಣಿಗೆ ಸರಿಯಾಗಿ ಕಂಡ ಫ್ಯೂಸನ್ನು ನಂಬಬೇಡಿ. ದೀಪದ ಸ್ವಿಚ್ ಹಾಕಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಫ್ಯೂಸಿನ ಎರಡೂ ಕಡೆ ಮುಟ್ಟಿಸಿ ನೋಡಿ. ಎರಡೂ ಕಡೆ ಒಂದೇ ಪ್ರಖರತೆಯಲ್ಲಿ ಉರಿಯಬೇಕು. 10 ಆಂಪಿಯರ್ ಫ್ಯೂಸ್ ಸುಟ್ಟ ಜಾಗಕ್ಕೆ 30ರದ್ದನ್ನು ಹಾಕುವುದು, ತಾಮ್ರದ ಎಳೆ ಅಥವಾ ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವುದು ಬೇಡವೇ ಬೇಡ. ಆಗ ಫ್ಯೂಸ್ ಉಳಿಯುತ್ತದೆ, ಅದರ ಬದಲು ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳ ಕಂತೆ ಉರಿಯುತ್ತದೆ.

4. ಬಲ್ಬ್ ಮತ್ತು ಹೋಲ್ಡರ್

ಬಲ್ಬಿನ ತಂತು ತುಂಡಾಗಿದೆಯೇ ಎಂದು ಮೀಟರಿನ ರೋಧ ಅಳೆಯುವ ಸ್ಥಾನದಲ್ಲಿ ನೋಡುವುದು ಸುಲಭ. ಆದರೆ ಗಮನವಿಟ್ಟು ನೋಡಬೇಕಾದದ್ದು ಹೋಲ್ಡರನ್ನು. ಹೆಡ್‌ಲೈಟಿನ ಎಚ್4 ಬಲ್ಬಿಗೆ ಮೂರು ಕಾಲುಗಳಿರುತ್ತವೆ. ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55 ವ್ಯಾಟಿನ ತಂತುಗಳು ಒಂದೇ ಬಲ್ಬಿನಲ್ಲಿರುತ್ತವೆ. ಒಂದೊಂದು ಬಲ್ಬ್ ಸುಮಾರು 5 ಆಂಪಿಯರ್ ಎಳೆಯುವುದರಿಂದ ಹೋಲ್ಡರಿನ ಕಚ್ಚು ಸಡಿಲವಾದರೆ ಅಲ್ಲಿ ಶಾಖ ಹುಟ್ಟಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ. ಹಾಗೆ ಸುಟ್ಟ ಹೋಲ್ಡರನ್ನು ತಿಕ್ಕಿ ಮತ್ತೆ ಬಳಸಬೇಡಿ, ಹೊಸದನ್ನೇ ಹಾಕಿ. ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕಾದ ಗಾಜಿನ ಮೇಲೆ ಕುಳಿತು ಬಲ್ಬಿನ ಆಯುಸ್ಸನ್ನು ಕಡಿಮೆ ಮಾಡುತ್ತದೆ.

ಹಿಂದಿನ ಬ್ರೇಕ್ ಮತ್ತು ಪಾರ್ಕ್ ಲೈಟಿಗೆ ಸಾಮಾನ್ಯವಾಗಿ 21/5 ವ್ಯಾಟಿನ, ಎರಡು ತಂತುಗಳ ಒಂದೇ ಬಲ್ಬ್ ಇರುತ್ತದೆ. ಅದರ ಎರಡು ಪಿನ್ನುಗಳು ಸಮ ಎತ್ತರದಲ್ಲಿರುವುದಿಲ್ಲ. ಒತ್ತಾಯದಿಂದ ತಿರುಗಿಸಿ ಉಲ್ಟಾ ಕೂರಿಸಿದರೆ ಪಾರ್ಕ್ ಲೈಟ್ ಪ್ರಖರವಾಗಿಯೂ ಬ್ರೇಕ್ ಲೈಟ್ ಮಂಕಾಗಿಯೂ ಉರಿಯುತ್ತದೆ. ಹಿಂದೆ ಬರುವವರಿಗೆ ನೀವು ಬ್ರೇಕ್ ಹಾಕಿದ್ದು ತಿಳಿಯುವುದೇ ಇಲ್ಲ.

ಅಂಗಡಿಯಲ್ಲಿ 100/90 ವ್ಯಾಟಿನ ಬಲ್ಬ್ ಕೊಡಲು ಬಂದರೆ ಬೇಡವೆನ್ನಿ. ಎರಡು ಬಲ್ಬುಗಳು ಸೇರಿ 16 ಆಂಪಿಯರಿಗೂ ಹೆಚ್ಚು ಎಳೆಯುತ್ತವೆ, ಹಳೆಯ ಸ್ವಿಚ್ ಅಷ್ಟನ್ನು ತಡೆಯುವುದಿಲ್ಲ. ಹ್ಯಾಲೋಜನ್‌ಗಾಗಿ ರೂಪಿಸಿದ ಹೆಡ್‌ಲೈಟಿಗೆ ಅಗ್ಗದ ಎಲ್‌ಇಡಿ ಬಲ್ಬ್ ತುರುಕುವುದನ್ನೂ ನಾನು ಒಪ್ಪುವುದಿಲ್ಲ. ಬೆಳಕು ಸೇರಬೇಕಾದ ಕಡೆ ಸೇರದೆ ಎದುರಿನವರ ಕಣ್ಣಿಗೆ ರಾಚುತ್ತದೆ, ಮಂಜಿನಲ್ಲಂತೂ ನಿಮಗೇ ಬಿಳಿಗೋಡೆ ಕಟ್ಟುತ್ತದೆ.

5. ಅರ್ತ್

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ದೀಪದ ಅರ್ತ್ ಕೆಟ್ಟಾಗ ಅದರ ಕರೆಂಟ್ ಸುಮ್ಮನಿರದೆ, ಪಕ್ಕದ ಇನ್ನೊಂದು ಬಲ್ಬಿನ ತಂತುವಿನ ಮೂಲಕ ಹಿಂದಕ್ಕೆ ನುಸುಳಿ ಬೇರೆಡೆ ಅರ್ತ್ ಹುಡುಕಿಕೊಳ್ಳುತ್ತದೆ. ಇಂಡಿಕೇಟರ್ ಜೊತೆಗೆ ಪಾರ್ಕ್ ಲೈಟ್ ಮಿನುಗುವುದು, ಬ್ರೇಕ್ ತುಳಿದಾಗ ಪಾರ್ಕ್ ಲೈಟ್ ಆರುವುದು, ಲೋ ಬೀಮಿನಲ್ಲಿದ್ದಾಗಲೂ ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ದೀಪ ಮಂದವಾಗಿ ಕಾಣಿಸುವುದು, ಇವೆಲ್ಲ ಇದೇ ಕಾರಣದಿಂದ ಆಗುವಂಥವು. ನೋಡುವವರಿಗೆ ವೈರುಗಳೆಲ್ಲ ಅದಲುಬದಲಾದಂತೆ ತೋರುತ್ತದೆ, ಇಡೀ ವೈರಿಂಗ್ ಬದಲಿಸಬೇಕೆಂಬ ಸಲಹೆಯೂ ಆಗ ಬರುತ್ತದೆ. ಬಹಳ ಸಲ ಬದಲಿಸಬೇಕಾದದ್ದು ತುಕ್ಕು ಹಿಡಿದ ಒಂದು ಸ್ಕ್ರೂ.

ಪರೀಕ್ಷೆ ಸರಳ. ಉದ್ದನೆಯ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ದೋಷವಿರುವ ದೀಪವನ್ನು ಹಾಕಿಟ್ಟು, ಇನ್ನೊಂದು ತುದಿಯನ್ನು ಆ ದೀಪದ ಹೋಲ್ಡರಿನ ಅರ್ತ್ ಭಾಗಕ್ಕೆ ಮುಟ್ಟಿಸಿ. ದೀಪ ತಟ್ಟನೆ ಪ್ರಖರವಾದರೆ ಅರ್ತ್ ದೋಷ ಖಚಿತ. ಮುಟ್ಟಿಸುವುದು ಅರ್ತ್ ಭಾಗವೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಪ್ಲಸ್ ಬರುವ ಕಾಲಿಗೆ ಮುಟ್ಟಿಸಿದರೆ ಫ್ಯೂಸ್ ಸುಡುತ್ತದೆ. ಸಂಖ್ಯೆಯಲ್ಲಿ ತಿಳಿಯಬೇಕೆಂದರೆ ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಹೋಲ್ಡರಿನ ಅರ್ತ್‌ಗೂ ಹಿಡಿಯಿರಿ. ದೀಪ ಉರಿಯುತ್ತಿರುವಾಗ 0.2 ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಎಂದು ತೋರಿಸಿದರೆ ಅಷ್ಟೂ ವೋಲ್ಟ್ ಬಲ್ಬಿಗೆ ಸಿಗದೆ ದಾರಿಯಲ್ಲೇ ಸೋರಿಹೋಗುತ್ತಿದೆ ಎಂದರ್ಥ. ಇದಕ್ಕೆ ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ.

ಇಲ್ಲಿ ಬಹುತೇಕರು ಎಡವುವುದು ಒಂದು ಕಡೆ. ದೀಪ ಆರಿಸಿಟ್ಟು, ಮೀಟರಿನ ಬಜರ್ ಸ್ಥಾನದಲ್ಲಿ ಅರ್ತ್ ಪರೀಕ್ಷಿಸಿ, "ಬೀಪ್ ಬಂತು, ಅರ್ತ್ ಸರಿಯಿದೆ" ಎಂದು ಮುಂದೆ ಹೋಗಿಬಿಡುತ್ತಾರೆ. ಇಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬಜರ್ ಕೂಗುತ್ತದೆ, ಆದರೆ ಆ ಒಂದು ಎಳೆ 5 ಆಂಪಿಯರನ್ನು ಹೊರಲಾರದು. ಅಡಿಕೆ ತೋಟದ ಪೈಪಿನಲ್ಲಿ ಕಸ ಸಿಕ್ಕಿಕೊಂಡಿದ್ದರೂ ಒಂದೇ ಜೆಟ್ ತೆರೆದಾಗ ನೀರು ಚೆನ್ನಾಗಿಯೇ ಹಾರುತ್ತದೆ. ಸಾಲಿನ ಎಲ್ಲ ಜೆಟ್ ತೆರೆದಾಗಲೇ ಅಡಚಣೆ ತಿಳಿಯುವುದು. ಆದ್ದರಿಂದ ವೈರನ್ನು ಯಾವಾಗಲೂ ದೀಪ ಉರಿಯುತ್ತಿರುವಾಗ, ವೋಲ್ಟಿನಲ್ಲಿ ಅಳೆಯಿರಿ.

ಅರ್ತ್ ಬೋಲ್ಟುಗಳು ಸಾಮಾನ್ಯವಾಗಿ ಹೆಡ್‌ಲೈಟಿನ ಹಿಂದಿನ ಒಳತಗಡಿನಲ್ಲಿ, ಬ್ಯಾಟರಿ ತಟ್ಟೆಯ ಬಳಿ, ಡ್ಯಾಶ್‌ಬೋರ್ಡಿನ ಕೆಳಗಿನ ಪಕ್ಕದ ತಗಡಿನಲ್ಲಿ ಮತ್ತು ಡಿಕ್ಕಿಯೊಳಗೆ ಹಿಂದಿನ ದೀಪದ ಹತ್ತಿರ ಇರುತ್ತವೆ. ಕಪ್ಪು ವೈರುಗಳ ಜಾಡು ಹಿಡಿದು ಹೋದರೆ ಸಿಗುತ್ತವೆ. ಬೋಲ್ಟ್ ಬಿಚ್ಚಿ, ವೈರಿನ ತುದಿಯ ಉಂಗುರವನ್ನೂ ಅದು ಕೂರುವ ತಗಡನ್ನೂ ಬಣ್ಣ, ತುಕ್ಕು ಹೋಗಿ ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿ. ತಗಡು ತೂತು ಬಿದ್ದಷ್ಟು ಹಾಳಾಗಿದ್ದರೆ ಹತ್ತಿರದ ಗಟ್ಟಿ ಜಾಗದಲ್ಲಿ ಹೊಸ ರಂಧ್ರ ಕೊರೆಯಿರಿ. ಕೊರೆಯುವ ಮೊದಲು ಹಿಂಬದಿಯಲ್ಲಿ ಪೆಟ್ರೋಲ್ ಪೈಪಾಗಲಿ ಬ್ರೇಕ್ ಪೈಪಾಗಲಿ ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಹಲ್ಲಿನ ವಾಶರ್ ಹಾಕಿ ಬಿಗಿಗೊಳಿಸಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲೀನ್ ಸವರಿ. ಕಾರಿಗೆ ಹೊಸದಾಗಿ ಟಿಂಕರಿಂಗ್, ಪೇಂಟಿಂಗ್ ಆಗಿದ್ದು ಆಮೇಲೆ ದೀಪಗಳು ಮಂಕಾಗಿದ್ದರೆ, ಬೋಲ್ಟಿನ ಕೆಳಗೆ ಪೇಂಟ್ ಬಳಿದಿರುತ್ತಾರೆ.

ಎಂಜಿನ್ ಮತ್ತು ಬಾಡಿಯ ನಡುವೆ ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕೇಬಲ್ ಇರುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂರುವುದರಿಂದ ಈ ಪಟ್ಟಿಯಿಲ್ಲದೆ ಅದಕ್ಕೆ ಸರಿಯಾದ ಅರ್ತ್ ಇರುವುದಿಲ್ಲ. ಪಟ್ಟಿ ತುಂಡಾದಾಗ ಸ್ಟಾರ್ಟರಿನ ಕರೆಂಟ್ ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲಿನ ಮೂಲಕ ಹಾದು ಆ ಕೇಬಲುಗಳೇ ಬಿಸಿಯಾಗುವುದುಂಟು. ಸ್ಟಾರ್ಟರ್ ಸೋಮಾರಿಯಾಗಿ ತಿರುಗುವುದರ ಜೊತೆಗೆ ದೀಪಗಳೂ ಮಂಕಾಗಿದ್ದರೆ ಮೊದಲು ಇದನ್ನು ನೋಡಿ.

6. ಪ್ಲಸ್ ಬದಿಯ ನಷ್ಟ ಮತ್ತು ರಿಲೇ

ಅರ್ತ್ ಸರಿಯಿದ್ದೂ ಹೆಡ್‌ಲೈಟ್ ಮಂಕಾಗಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಬಲ್ಬಿನ ಪ್ಲಸ್ ಕಾಲಿಗೂ ಹಿಡಿಯಿರಿ. ದೀಪ ಉರಿಯುತ್ತಿರುವಾಗ ಅರ್ಧ ವೋಲ್ಟ್ ದಾಟಿದರೆ ಫ್ಯೂಸ್ ಪೆಟ್ಟಿಗೆ, ಸ್ವಿಚ್, ಕಪ್ಲರ್ ಹೀಗೆ ಒಂದೊಂದೇ ಜಾಗಕ್ಕೆ ಕಡ್ಡಿಯನ್ನು ಹಿಂದಕ್ಕೆ ತನ್ನಿ. ಕಪ್ಲರ್ ಎಂದರೆ ಎರಡು ವೈರು ಕಂತೆಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ. ಯಾವ ಜಾಗ ದಾಟಿದಾಗ ಅಳತೆ ಒಮ್ಮೆಲೇ ಇಳಿಯುತ್ತದೋ ಅಲ್ಲಿ ದೋಷವಿದೆ. ಈ ನಷ್ಟ ಚಿಕ್ಕದೆಂದು ತೋರಬಹುದು. ಆದರೆ ಹ್ಯಾಲೋಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತರಷ್ಟು ಕುಸಿಯುತ್ತದೆ.

ಹಲವು ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಇದಕ್ಕೆ ಪರಿಹಾರ ರಿಲೇ ಹಾಕಿಸುವುದು. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್. ಹಳೆಯ ಸ್ವಿಚ್ ಆಗ ಅರ್ಧ ಆಂಪಿಯರಿಗಿಂತಲೂ ಕಡಿಮೆ ಕರೆಂಟನ್ನು ಹೊತ್ತರೆ ಸಾಕು. ಅದರ ಕಾಲುಗಳ ಮೇಲೆ ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ ಬರುವ ವೈರು, 87ರಿಂದ ಬಲ್ಬಿಗೆ ಹೋಗುವ ವೈರು, 86ಕ್ಕೆ ಹಳೆಯ ಸ್ವಿಚ್ಚಿನಿಂದ ಬರುವ ವೈರು, 85ಕ್ಕೆ ಅರ್ತ್. ಹೈ ಬೀಮಿಗೊಂದು, ಲೋ ಬೀಮಿಗೊಂದು ಹೀಗೆ ಎರಡು ರಿಲೇ ಬೇಕು. ದಪ್ಪ ವೈರು 2.5 ಚದರ ಮಿ.ಮೀ.ನದ್ದಿರಲಿ, ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಕೂರಿಸಿ. ಒಂದು ಎಚ್ಚರಿಕೆ: ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಎಚ್4 ಬಲ್ಬಿನ ಸಾಮಾನ್ಯ ಕಾಲಿಗೆ ಪ್ಲಸ್ ಬರುತ್ತದೆ, ಸ್ವಿಚ್ ಅರ್ತ್ ಬದಿಯಲ್ಲಿರುತ್ತದೆ. ಹಾಗಿದ್ದರೆ ಮೇಲಿನ ಜೋಡಣೆ ಹೊಂದುವುದಿಲ್ಲ. ವೈರು ಕತ್ತರಿಸುವ ಮೊದಲು ಹೋಲ್ಡರಿನ ಮೂರೂ ಕಾಲುಗಳನ್ನು ಮೀಟರಿನಲ್ಲಿ ನೋಡಿ ತಿಳಿದುಕೊಳ್ಳಿ.

7. ಪದೇ ಪದೇ ಫ್ಯೂಸ್ ಸುಡುತ್ತಿದ್ದರೆ

ಪ್ಲಸ್ ವೈರು ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ, ಇದೇ ಶಾರ್ಟ್. ಫ್ಯೂಸುಗಳನ್ನು ಸುಡುತ್ತಾ ಕೂರಬೇಡಿ. ಆ ಫ್ಯೂಸಿಗೆ ಸೇರಿದ ಬಲ್ಬುಗಳನ್ನೆಲ್ಲ ತೆಗೆದು, ಫ್ಯೂಸಿನ ಜಾಗದ ಎರಡು ತುದಿಗಳಿಗೆ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಅದು ಪ್ರಖರವಾಗಿ ಉರಿಯುತ್ತದೆ, ಕರೆಂಟನ್ನು ಎರಡು ಆಂಪಿಯರಿನೊಳಗೆ ತಡೆಯುವುದರಿಂದ ವೈರಿಗೆ ಅಪಾಯವಿಲ್ಲ. ಈಗ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಲ್ಯಾಂಪ್ ಆರುತ್ತದೋ ಅದರ ಮುಂದಿನ ವೈರಿನಲ್ಲಿ ಶಾರ್ಟ್ ಇದೆ. ವೈರು ತಗಡನ್ನು ತೂರಿ ಹೋಗುವಲ್ಲಿ ಅದನ್ನು ಸವೆಯದಂತೆ ಕಾಯುವ ರಬ್ಬರ್ ಬಳೆ (ಗ್ರೋಮೆಟ್) ಕಳಚಿದ ಜಾಗ, ಡಿಕ್ಕಿ ಬಾಗಿಲಿನ ಕೀಲಿನ ಬಳಿ ವೈರು ಬಾಗುವ ಜಾಗ, ಆಮೇಲೆ ಹಾಕಿಸಿದ ಫಾಗ್ ಲ್ಯಾಂಪ್, ಸ್ಟೀರಿಯೊ, ರಿವರ್ಸ್ ಹಾರ್ನಿನ ಜೋಡಣೆಗಳು, ಇವು ಮೊದಲು ನೋಡಬೇಕಾದವು. ದಾರಿ ಹದಗೆಟ್ಟಾಗ ಮಾತ್ರ ಫ್ಯೂಸ್ ಸುಡುವುದಾದರೆ, ಲ್ಯಾಂಪ್ ಸಿಕ್ಕಿಸಿಟ್ಟು ವೈರು ಕಂತೆಯನ್ನು ಅಲ್ಲಲ್ಲಿ ಅಲುಗಾಡಿಸಿ, ಅದು ಮಿನುಗುವ ಜಾಗವನ್ನು ಗುರುತಿಸಿ.

8. ಇಂಡಿಕೇಟರ್ ಮತ್ತು ಬ್ರೇಕ್ ಲೈಟ್

ಇಂಡಿಕೇಟರ್ ಒಂದು ಬದಿಗೆ ಮಾತ್ರ ಅತಿವೇಗವಾಗಿ ಅಥವಾ ಅತಿ ನಿಧಾನವಾಗಿ ಹೊಡೆದುಕೊಂಡರೆ ಆ ಬದಿಯ ಒಂದು ಬಲ್ಬ್ ಸುಟ್ಟಿದೆ ಅಥವಾ ಕಡಿಮೆ ವ್ಯಾಟಿನ ಬಲ್ಬ್ ಹಾಕಲಾಗಿದೆ. ಎಲ್‌ಇಡಿ ಹಾಕಿದಾಗಲೂ ಹೀಗೆಯೇ ಆಗುತ್ತದೆ. ಎರಡೂ ಬದಿಗೆ ಬರದಿದ್ದರೆ ಫ್ಯೂಸ್, ಅನಂತರ ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ನೋಡಿ. ಬ್ರೇಕ್ ಲೈಟ್ ಎರಡೂ ಬರದಿದ್ದರೆ ಪೆಡಲಿನ ಮೇಲಿರುವ ಸ್ವಿಚ್ಚಿನ ಎರಡು ವೈರುಗಳನ್ನು ಜೋಡಿಸಿ ನೋಡಿ. ದೀಪ ಹೊತ್ತಿದರೆ ಸ್ವಿಚ್ ಬದಲಿಸಬೇಕು. ಕೆಲವು ಹಳೆಯ ಕಾರುಗಳಲ್ಲಿ ಈ ಸ್ವಿಚ್ ಬ್ರೇಕ್ ದ್ರವದ ಒತ್ತಡದಿಂದ ಕೆಲಸ ಮಾಡುತ್ತದೆ. ಅದನ್ನು ಬಿಚ್ಚಿದರೆ ಬ್ರೇಕಿನೊಳಗೆ ಗಾಳಿ ಸೇರಬಹುದಾದ್ದರಿಂದ ಆ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

9. ನೀರು, ಇಲಿ ಮತ್ತು ವೈರಿನ ಜೋಡಣೆ

ಹೆಡ್‌ಲೈಟಿನ ಗಾಜಿನೊಳಗೆ ಹನಿ ಕಟ್ಟಿದ್ದರೆ ಸಿಲಿಕೋನ್ ಹಚ್ಚಿ ಎಲ್ಲವನ್ನೂ ಮುಚ್ಚಿಬಿಡುವುದು ರೂಢಿಯಲ್ಲಿದೆ. ದೀಪದ ಮನೆಯ ಕೆಳಭಾಗದಲ್ಲಿ ನೀರು ಬಸಿಯಲೆಂದೇ ಬಿಟ್ಟ ರಂಧ್ರವೂ ಆಗ ಮುಚ್ಚಿಹೋಗಿ, ಒಳಗಿನ ತೇವಕ್ಕೆ ದಾರಿಯೇ ಉಳಿಯುವುದಿಲ್ಲ. ರಂಧ್ರವನ್ನು ತೆರೆದಿಟ್ಟು, ಹಿಂಬದಿಯ ರಬ್ಬರ್ ಮುಚ್ಚಳವನ್ನು ಬದಲಿಸಿ. ಒಳಗಿನ ಬೆಳ್ಳಿಬಣ್ಣದ ರಿಫ್ಲೆಕ್ಟರ್ ಕಂದಿ ಹೊಪ್ಪಳೆ ಎದ್ದಿದ್ದರೆ ಮೇಲೆ ಹೇಳಿದ ಯಾವ ರಿಪೇರಿಯಿಂದಲೂ ಬೆಳಕು ಬಾರದು. ದೀಪದ ಮನೆಯನ್ನೇ ಬದಲಿಸಬೇಕು.

ಅಡಿಕೆ, ಭತ್ತ ಇಟ್ಟ ಕೊಟ್ಟಿಗೆಯಲ್ಲೇ ಕಾರನ್ನೂ ನಿಲ್ಲಿಸುವ ಮನೆಗಳಲ್ಲಿ ಇಲಿಕಾಟ ಹೇಳಬೇಕಾಗಿಲ್ಲ. ಕಡಿದ ವೈರು ಒಂದೇ ಕಂಡರೂ ಅಲ್ಲಿಗೆ ನಿಲ್ಲದೆ ಕಂತೆಯ ಉದ್ದಕ್ಕೂ ಟೇಪ್ ಬಿಚ್ಚಿ ನೋಡಿ. ಜೋಡಿಸುವಾಗ ವೈರುಗಳನ್ನು ಬರಿದೇ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಬೇಡಿ. ಎಂಜಿನ್ ಶಾಖಕ್ಕೆ ಟೇಪಿನ ಗೋಂದು ಕರಗಿ, ಮಳೆಗಾಲದಲ್ಲಿ ಒಳಗೆ ನೀರು ಸೇರಿ, ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಬೆಸುಗೆ ಹಾಕಿ ಅಥವಾ ಒತ್ತಿ ಬಿಗಿಮಾಡುವ ಲೋಹದ ಕೊಳವೆಯಿಂದ (ಕ್ರಿಂಪ್ ಸ್ಲೀವ್) ಜೋಡಿಸಿ, ಮೇಲೆ ಒಳಗೋಂದು ಇರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ; ಇದು ಬಿಸಿ ಮಾಡಿದಾಗ ಕುಗ್ಗಿ ವೈರನ್ನು ಬಿಗಿಯಾಗಿ ಅಪ್ಪುವ ಕೊಳವೆ. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ಕಂಬಿಯ ವೈರನ್ನು ಕಾರಿಗೆ ಹಾಕುವುದು ಬೇಡ, ಅದು ಅದುರಾಟಕ್ಕೆ ತುಂಡಾಗುತ್ತದೆ. ಸಣ್ಣ ಎಳೆಗಳ ವಾಹನದ ವೈರೇ ಬೇಕು. ಸಾಧ್ಯವಾದಷ್ಟು ಹಳೆಯ ವೈರಿನ ಬಣ್ಣವನ್ನೇ ಕೊಳ್ಳಿ. ಎಲ್ಲಕ್ಕೂ ಕೆಂಪು ಹಾಕಿದರೆ ಮುಂದಿನ ಸಲ ಹುಡುಕುವವರು ನೀವೇ ಆಗಿರುತ್ತೀರಿ.

10. ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ

ಎಲ್ಲವನ್ನೂ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ಮೈನಸ್ ಬಿಚ್ಚಿ, ಆ ಕೇಬಲ್ ಮತ್ತು ಕಂಬದ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಸೇರಿಸಿ. ಹಳೆಯ ಕಾರಿನಲ್ಲಿ 50 ಮಿಲಿ ಆಂಪಿಯರ್ ಒಳಗಿರಬೇಕು. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಅಳತೆ ಯಾವಾಗ ಇಳಿಯುತ್ತದೆಂದು ನೋಡಿ. ಸ್ಟೀರಿಯೊ, ಡಿಕ್ಕಿಯ ದೀಪ, ಆಮೇಲೆ ಕೂರಿಸಿದ ಅಲಾರಂ ಸಾಮಾನ್ಯವಾದ ಕಾರಣಗಳು. ಮೀಟರ್ ಸೇರಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಹೆಡ್‌ಲೈಟ್ ಹಾಕಬೇಡಿ. ಪರೀಕ್ಷೆ ಮುಗಿದ ಕೂಡಲೇ ಮೀಟರಿನ ಕೆಂಪು ಕಡ್ಡಿಯನ್ನು ಆಂಪಿಯರ್ ತೂತಿನಿಂದ ವೋಲ್ಟ್ ತೂತಿಗೆ ಮರಳಿ ಹಾಕಿ. ಮರೆತು ಹಾಗೆಯೇ ವೋಲ್ಟ್ ಅಳೆಯಲು ಹೋದರೆ ಮೀಟರೇ ಶಾರ್ಟ್ ಆಗುತ್ತದೆ.

11. ಬೆಳಕಿನ ದಿಕ್ಕು

ದೀಪ ಬಿಚ್ಚಿ ಹಾಕಿದ ಮೇಲೆ ಬೆಳಕಿನ ಎತ್ತರ ಬದಲಾಗಿರುತ್ತದೆ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಟೈರ್ ಗಾಳಿ ಸರಿಯಿದ್ದು ಡ್ರೈವರ್ ಸೀಟಿನಲ್ಲಿ ಒಬ್ಬರು ಕುಳಿತಿರಲಿ. ಹೆಡ್‌ಲೈಟಿನ ನಡುಭಾಗದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಲೋ ಬೀಮಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು, ಎಡಬದಿಯಲ್ಲಿ ಮಾತ್ರ ಸ್ವಲ್ಪ ಮೇಲಕ್ಕೇರಿರಬೇಕು. ಬಲಕ್ಕೆ ಏರಿದ್ದರೆ ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಗಳಿಗಾಗಿ ಮಾಡಿದ ದೀಪ ನಿಮ್ಮ ಕಾರಿಗೆ ಬಂದಿದೆ. ಘಾಟಿಯ ತಿರುವಿನಲ್ಲಿ ಎದುರು ಬರುವ ಬಸ್ಸಿನ ಚಾಲಕರಿಗೆ ಅದು ನೇರ ಕಣ್ಣಿಗೆ ಹೊಡೆಯುತ್ತದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ಹೋಗುವವರು ಈ ಹಂತವನ್ನು ಬಿಡಬಾರದು, ತಪಾಸಣೆಯಲ್ಲಿ ದೀಪಗಳನ್ನೂ ನೋಡುತ್ತಾರೆ.

12. ಎಲೆಕ್ಟ್ರಿಷಿಯನ್ ಬಳಿ ಹೋಗುವುದಾದರೆ

ಸ್ಟೇರಿಂಗಿನ ಸ್ವಿಚ್ ಬಿಚ್ಚುವುದು, ಆಲ್ಟರ್ನೇಟರ್ ರಿಪೇರಿ, ಡ್ಯಾಶ್‌ಬೋರ್ಡಿನ ಹಿಂದೆ ಕರಗಿಹೋದ ಕಂತೆ, ಏರ್‌ಬ್ಯಾಗ್ ಇರುವ ಕಾರಿನ ಹಳದಿ ಕೊಳವೆಯ ವೈರುಗಳು, ಇವಿಷ್ಟನ್ನು ನುರಿತ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಇರಲಿ, ತೀರ್ಥಹಳ್ಳಿ ಅಥವಾ ಸಾಗರದ ಪೇಟೆಯ ಸಣ್ಣ ಅಂಗಡಿಯಿರಲಿ, ಹೋಗುವಾಗ ನಿಮ್ಮ ಚೀಟಿಯನ್ನು ಜೊತೆಗೆ ಒಯ್ಯಿರಿ. "ಲೈಟ್ ಸರಿಯಿಲ್ಲ, ನೋಡಿ" ಎಂದರೆ ಬಲ್ಬಿನಿಂದಲೇ ಶುರುವಾಗುತ್ತದೆ. "ಲೋ ಬೀಮ್ ಉರಿಯುವಾಗ ಬ್ಯಾಟರಿಯಲ್ಲಿ 12.4, ಎಡ ಹೋಲ್ಡರಿನಲ್ಲಿ 10.9, ಅರ್ತ್ ಬದಿಯ ನಷ್ಟ 0.1" ಎಂದು ಹೇಳಿದರೆ, ದೋಷ ಪ್ಲಸ್ ಬದಿಯ ಸ್ವಿಚ್ ಅಥವಾ ಕಪ್ಲರಿನಲ್ಲಿದೆ ಎಂದು ಬಾನೆಟ್ ಎತ್ತುವ ಮೊದಲೇ ಅವರಿಗೆ ತಿಳಿಯುತ್ತದೆ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ತೆಗೆದುಕೊಳ್ಳಿ, ಹಣ ಕೊಡುವ ಮೊದಲು ದೀಪ ಹಾಕಿಸಿ ಅದೇ ಮೂರು ಜಾಗಗಳಲ್ಲಿ ಇನ್ನೊಮ್ಮೆ ಅಳೆಯಿರಿ.